ಹಟ್ಟಿಗೊಬ್ಬರದ ಬ್ಯಾಕ್ಟೀರಿಯಾದಿಂದ ಪ್ಲಾಸ್ಟಿಕ್ ಕರಗಿಸಿದ ನನ್ನ ಅನುಭವ

ಪ್ಲಾಸ್ಟಿಕ್ ಒಡೆಯುವ ಬ್ಯಾಕ್ಟೀರಿಯಾ ಎಂದರೆ ಹೆಚ್ಚಿನವರಿಗೆ ನೆನಪಾಗುವುದು 2016ರಲ್ಲಿ ಜಪಾನಿನ ವಿಜ್ಞಾನಿಗಳು ವರದಿ ಮಾಡಿದ, ಪೆಟ್ ಬಾಟಲಿಯ ವಸ್ತುವನ್ನು ಅರಗಿಸುವ ಇಡಿಯೊನೆಲ್ಲಾ ಸಾಕೈಯೆನ್ಸಿಸ್. ಮಂಗಳೂರಿನ ಕಾಲೇಜೊಂದರ ಪ್ರಯೋಗಾಲಯದಲ್ಲಿ ನಾನು ಆರಿಸಿಕೊಂಡದ್ದು ಜೈವಿಕವಾಗಿ ಕರಗುತ್ತವೆಂದು ಹೆಸರಾದ ಮೂರು ಪಾಲಿಯೆಸ್ಟರುಗಳನ್ನು, ಅಂದರೆ ಎಸ್ಟರ್ ಎಂಬ ರಾಸಾಯನಿಕ ಬಂಧಗಳಿಂದ ಸರಪಳಿಯಂತೆ ಹೆಣೆದ ಪ್ಲಾಸ್ಟಿಕ್‌ಗಳನ್ನು: ಪಿಎಚ್‌ಬಿ (ಪಾಲಿಹೈಡ್ರಾಕ್ಸಿಬ್ಯುಟಿರೇಟ್), ಪಿಸಿಎಲ್ (ಪಾಲಿಕ್ಯಾಪ್ರೊಲ್ಯಾಕ್ಟೋನ್) ಮತ್ತು ಪಿಎಲ್‌ಎ (ಪಾಲಿಲ್ಯಾಕ್ಟಿಕ್ ಆಮ್ಲ). ಇವುಗಳಲ್ಲಿ ಪಿಎಚ್‌ಬಿಯನ್ನು ಬ್ಯಾಕ್ಟೀರಿಯಾಗಳೇ ನಮ್ಮ ಮೈಯ ಕೊಬ್ಬಿನಂತೆ ತಮ್ಮೊಳಗೆ ಕೂಡಿಡುತ್ತವೆ. ಫ್ರಾನ್ಸಿನ ಮೋರಿಸ್ ಲೆಮ್ವಾನ್ಯ ಅದನ್ನು 1926ರಲ್ಲೇ ಗುರುತಿಸಿದ್ದರು. ಕೂಡಿಡುವ ಜೀವಿಗಳು ಇರುವಲ್ಲಿ ಅದನ್ನು ಒಡೆದು ತಿನ್ನುವವೂ ಇರುತ್ತವೆಯಾದ್ದರಿಂದ, ಅಡಿಕೆ ತೋಟದ ಪಕ್ಕದ ಹಟ್ಟಿಗೊಬ್ಬರಕ್ಕಿಂತ ದೂರ ಹುಡುಕಿಕೊಂಡು ಹೋಗಲಿಲ್ಲ.

ಬ್ಯಾಕ್ಟೀರಿಯಾವನ್ನು ಆರಿಸುವ ವಿಧಾನ ಸರಳ. ಪಿಸಿಎಲ್ ಅನ್ನು ಅಸಿಟೋನಿನಲ್ಲಿ ಕರಗಿಸಿ, ರಭಸವಾಗಿ ಕಲಕುತ್ತಿರುವ ನೀರಿಗೆ ಸಣ್ಣ ಧಾರೆಯಾಗಿ ಬಿಟ್ಟರೆ ಹಾಲಿನಂತಹ ದ್ರವ ಸಿಗುತ್ತದೆ. ಪಿಸಿಎಲ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ಈ ದ್ರವವನ್ನು ಆಟೋಕ್ಲೇವಿಗೆ (ಒತ್ತಡದ ಬಿಸಿ ಹಬೆಯಿಂದ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಉಪಕರಣ) ಹಾಕುವಂತಿಲ್ಲ, ಹಾಕಿದರೆ ಗಂಟುಕಟ್ಟುತ್ತದೆ. ಬ್ಯಾಕ್ಟೀರಿಯಾ ಬೆಳೆಸಲು ಬಳಸುವ ಜೆಲ್ಲಿಯಂತಹ ಅಗರ್ ಅನ್ನು ಬೇರೆಯಾಗಿ ಕುದಿಸಿ, 50 ಡಿಗ್ರಿಯ ಆಸುಪಾಸಿಗೆ ತಣಿದ ಮೇಲೆ ಬೆರೆಸಿ ತಟ್ಟೆಗೆ ಹೊಯ್ದು, ಅದರ ಮೇಲೆ ಗೊಬ್ಬರದ ಮಾದರಿಯನ್ನು ಹರಡಬೇಕು. ಈ ಬಿಳಿ ತಟ್ಟೆಯ ಮೇಲೆ ಬ್ಯಾಕ್ಟೀರಿಯಾದ ಯಾವ ವಸಾಹತಿನ (ಗುಂಪಿನ) ಸುತ್ತ ಪಾರದರ್ಶಕ ವೃತ್ತ ಮೂಡುತ್ತದೆಯೋ ಅದು ಪ್ಲಾಸ್ಟಿಕ್ ಒಡೆಯುವ ಕಿಣ್ವವನ್ನು (ಎನ್‌ಜೈಮ್) ಹೊರಗೆ ಸ್ರವಿಸುತ್ತಿದೆ ಎಂದರ್ಥ. ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ತಟ್ಟೆಯನ್ನು ಬೇಗನೆ ಆವರಿಸುವುದರಿಂದ ಶಿಲೀಂಧ್ರನಾಶಕ ನಿಸ್ಟಾಟಿನ್ ಸೇರಿಸುವುದು ಇಲ್ಲಿ ಅನಿವಾರ್ಯವೆಂದೇ ನನ್ನ ಅಭಿಪ್ರಾಯ.

ಆರಿಸಿದ ಬ್ಯಾಕ್ಟೀರಿಯಾವನ್ನು ದ್ರವ ಮಾಧ್ಯಮದಲ್ಲಿ ಬೆಳೆಸುವಾಗ ಗ್ಲೂಕೋಸ್ ಕೊಡದೆ ಪ್ಲಾಸ್ಟಿಕ್ ಪುಡಿಯನ್ನೇ ಆಹಾರವಾಗಿ ಕೊಟ್ಟೆ. ಸುಲಭದ ಸಕ್ಕರೆ ಸಿಕ್ಕಿದರೆ ಅನೇಕ ಬ್ಯಾಕ್ಟೀರಿಯಾಗಳು ಈ ಕಿಣ್ವದ ತಯಾರಿಕೆಯನ್ನು ತಗ್ಗಿಸಿಬಿಡುತ್ತವೆ. ಬಳಿಕ ವೇಗವಾಗಿ ತಿರುಗಿಸುವ ಸೆಂಟ್ರಿಫ್ಯೂಜಿನಲ್ಲಿ ಕೋಶಗಳನ್ನು ಬೇರ್ಪಡಿಸಿ, ಮೇಲಿನ ತಿಳಿಯಿಂದ ಅಮೋನಿಯಂ ಸಲ್ಫೇಟ್ ಲವಣ ಬಳಸಿ ಕಿಣ್ವವನ್ನು ತಳಕ್ಕಿಳಿಸಿ, ಆ ಲವಣವನ್ನು ತೆಗೆಯಲು ಡಯಾಲಿಸಿಸ್ ಮಾಡಿದೆ. ತೂಗಿದ ಪ್ಲಾಸ್ಟಿಕ್ ಪಟ್ಟಿಗಳನ್ನು ಪಿಎಚ್ (ಆಮ್ಲೀಯತೆಯ ಅಳತೆ) 8ರ ಬಫರಿನಲ್ಲಿ, ಅಂದರೆ ಪಿಎಚ್ ಬದಲಾಗದಂತೆ ತಡೆಯುವ ದ್ರಾವಣದಲ್ಲಿ, ಈ ಕಿಣ್ವದೊಂದಿಗೆ ಇಟ್ಟೆ. ಹೋಲಿಕೆಗೆಂದು ಕುದಿಸಿ ನಿಷ್ಕ್ರಿಯಗೊಳಿಸಿದ ಕಿಣ್ವದಲ್ಲೂ ಅಷ್ಟೇ ಪಟ್ಟಿಗಳನ್ನಿಟ್ಟೆ. ಎಸ್ಟರ್ ಬಂಧ ಮುರಿದಂತೆಲ್ಲ ಆಮ್ಲ ಹೊರಬಂದು ಪಿಎಚ್ ಇಳಿಯುವುದರಿಂದ ಬಫರ್ ಸಾಂದ್ರವಾಗಿರಬೇಕು. ತೂಕ ನೋಡುವ ಮುನ್ನ ಪಟ್ಟಿಗಳನ್ನು ಸಿಲಿಕಾ ಜೆಲ್ ಇರುವ ಡೆಸಿಕೇಟರಿನಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸುವುದು ಮುಖ್ಯ. ನಮ್ಮ ಊರಿನ ಗಾಳಿಯ ತೇವವೇ ಅಂಕಿಗಳನ್ನು ಸುಳ್ಳು ಮಾಡಬಲ್ಲದು.

ಪಿಎಚ್‌ಬಿ ಮತ್ತು ಪಿಸಿಎಲ್ ಪಟ್ಟಿಗಳು ಮೇಲ್ಮೈಯಿಂದ ಸವೆಯುತ್ತ ಬಂದವು, ಮೊದಲು ಅವುಗಳ ಅಸ್ಫಟಿಕ (ಸರಪಳಿಗಳು ಅಡ್ಡಾದಿಡ್ಡಿಯಾಗಿರುವ) ಭಾಗ, ಆಮೇಲೆ ಸ್ಫಟಿಕ (ಸರಪಳಿಗಳು ಒತ್ತಾಗಿ ಜೋಡಿಕೊಂಡ) ಭಾಗ. ಪಿಎಲ್‌ಎ ಮಾತ್ರ ಅಲುಗಲಿಲ್ಲ. ಇದರಲ್ಲಿ ಅಚ್ಚರಿಯೇನಿಲ್ಲ: ಅದರ ಸರಪಳಿಗಳು ಸುಮಾರು 55ರಿಂದ 60 ಡಿಗ್ರಿಯವರೆಗೆ ಗಾಜಿನಂತೆ ಬಿಗಿಯಾಗಿರುತ್ತವೆ, ಕೋಣೆಯ ಉಷ್ಣತೆಯಲ್ಲಿ ಕಿಣ್ವಕ್ಕೆ ಹಿಡಿತವೇ ಸಿಗುವುದಿಲ್ಲ. ಅದನ್ನು ಒಡೆಯಲು ಹೆಸರಾದ ಪ್ರೋಟಿನೇಸ್ ಕೆ ಎಂಬ ಕಿಣ್ವ ಶಿಲೀಂಧ್ರದಿಂದ ಬಂದದ್ದು. ಬ್ಯಾಕ್ಟೀರಿಯಾಗಳಲ್ಲಿ ಅಮೈಕೊಲಾಟಾಪ್ಸಿಸ್ ಜಾತಿಯವು ಈ ಕೆಲಸ ಮಾಡುತ್ತವೆ.

2019ರ ಮಳೆಗಾಲದಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಪಕ್ಕದ ಮಂದಾರದ ತೋಟಗಳ ಮೇಲೆ ಜರಿದದ್ದನ್ನು ಬಲ್ಲ ನಮಗೆ, ಗೊಬ್ಬರವಾಗುವುದೆಂಬ ಮುದ್ರೆ ಹೊತ್ತ ಚೀಲ ಎಲ್ಲಿ ಬಿದ್ದರೂ ಕರಗುತ್ತದೆ ಎಂದು ನಂಬುವ ಆಸೆ ಸಹಜ. ಆದರೆ ಇಂಥ ಪ್ಲಾಸ್ಟಿಕ್‌ಗೆ ಇರುವ ಐಎಸ್‌ಒ 17088 ಎಂಬ ಅಂತರರಾಷ್ಟ್ರೀಯ ಮಾನದಂಡವು ವ್ಯವಸ್ಥಿತವಾಗಿ ನಡೆಸುವ, ಬಿಸಿಯಾದ ಕಾಂಪೋಸ್ಟ್ ಘಟಕಕ್ಕೆ ಅನ್ವಯಿಸುವಂಥದ್ದು, ಕಸದ ಗುಡ್ಡಕ್ಕಲ್ಲ.

ಆದ್ದರಿಂದ, ಪಿಎಲ್‌ಎ ಸಡಿಲವಾಗುವಂಥ ಬಿಸಿಯಲ್ಲೂ ಬದುಕುವ ಬ್ಯಾಕ್ಟೀರಿಯಾ ಸಿಗಲೆಂದು, ಈಗ ಮಾದರಿಗಳನ್ನು ಗೊಬ್ಬರದ ರಾಶಿಯ ಅಂಚಿನಿಂದಲ್ಲ, ಥರ್ಮಾಮೀಟರ್ 55 ಡಿಗ್ರಿ ದಾಟುವ ನಡುಭಾಗದಿಂದಲೇ ತೆಗೆಯುತ್ತೇನೆ, ಮತ್ತು 50 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ಅಗರ್ ಒಣಗಿ ಬಿರಿಯದಂತೆ ತಟ್ಟೆಗಳನ್ನು ಒದ್ದೆ ಹತ್ತಿಯೊಂದಿಗೆ ಮುಚ್ಚಿದ ಡಬ್ಬಿಯಲ್ಲಿ ಇಡುತ್ತಿದ್ದೇನೆ.