ಕರೆಂಟು ಬಿಲ್ಲು 500 ಯೂನಿಟ್ ದಾಟದ ಹಾಗೆ ನೋಡಿಕೊಳ್ಳುವುದು ಹೇಗೆ?

ನಮ್ಮ ಕಾಸರಗೋಡಿನಲ್ಲಿ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಏಪ್ರಿಲ್, ಮೇ ಬಂತು ಅಂದರೆ ಎಲ್ಲರ ಬಾಯಲ್ಲೂ ಕರೆಂಟು ಬಿಲ್ಲಿನದೇ ಮಾತು. ದರ ಏರಿದ್ದು ನಿಜ. ಕೇರಳದಲ್ಲಿ 2024ರ ಡಿಸೆಂಬರಿನಲ್ಲಿ ಯೂನಿಟಿಗೆ ಸರಾಸರಿ 16 ಪೈಸೆ ಏರಿತು, 2025ರ ಏಪ್ರಿಲಿನಲ್ಲಿ ಮತ್ತೆ 12 ಪೈಸೆ. ಆದರೆ ಒಮ್ಮೆ ಲೆಕ್ಕ ಹಾಕಿ ನೋಡಿ. ಎರಡು ತಿಂಗಳಿಗೆ 400 ಯೂನಿಟ್ ಉರಿಸುವ ಮನೆಗೆ ಎರಡೂ ಏರಿಕೆ ಸೇರಿ ಆಗುವುದು ಸುಮಾರು 112 ರೂಪಾಯಿ. ಬಿಲ್ಲು ಒಮ್ಮೆಲೇ ಏಳೆಂಟು ನೂರು ಜಾಸ್ತಿ ಬಂದಿದ್ದರೆ ಕಾರಣ ಬೇರೆ ಇದೆ. ಮೊದಲು ನೋಡಬೇಕಾದ್ದು ನೀವು 500 ಯೂನಿಟಿನ ಗೆರೆ ದಾಟಿದ್ದೀರಾ ಅಂತ.

ಕೇರಳದ ವಿದ್ಯುತ್ ಮಂಡಳಿ, ಅಂದರೆ ಕೆಎಸ್‌ಇಬಿ, ನಮ್ಮ ಮನೆಗಳಿಗೆ ಬಿಲ್ಲು ಕೊಡುವುದು ಎರಡು ತಿಂಗಳಿಗೊಮ್ಮೆ. 500 ಯೂನಿಟ್ ತನಕ ಸ್ಲ್ಯಾಬ್ ಲೆಕ್ಕ. ಮೊದಲ 100 ಯೂನಿಟಿಗೆ ಕಡಿಮೆ ದರ, ಮುಂದಿನ 100ಕ್ಕೆ ಸ್ವಲ್ಪ ಜಾಸ್ತಿ, ಹೀಗೆ ಐದು ಸ್ಲ್ಯಾಬ್. 500 ದಾಟಿತೋ, ಈ ಅನುಕೂಲ ಪೂರ್ತಿ ಹೋಯಿತು. ಮೊದಲ ಯೂನಿಟಿನಿಂದ ಕೊನೆಯದರ ತನಕ ಎಲ್ಲದಕ್ಕೂ ಒಂದೇ ದರ ಬೀಳುತ್ತದೆ. ಹಾಗಾಗಿ 495 ಯೂನಿಟ್ ಉರಿಸಿದವರಿಗೂ 505 ಉರಿಸಿದವರಿಗೂ ಬಿಲ್ಲಿನಲ್ಲಿ ನೂರಾರು ರೂಪಾಯಿ ವ್ಯತ್ಯಾಸ ಬರುತ್ತದೆ. ಇದನ್ನು ತಿಳಿಯದೆ ಎಲ್‌ಇಡಿ ಬಲ್ಬು ಆರಿಸುತ್ತಾ ಮಕ್ಕಳಿಗೆ ಬೈಯುವುದರಲ್ಲಿ ಏನೂ ಪ್ರಯೋಜನ ಇಲ್ಲ.

ಮೊದಲು ಮೀಟರ್ ಓದಿ

ರೀಡಿಂಗ್ ತೆಗೆಯಲು ಬಂದವರು ಹೋದ ದಿನದಿಂದಲೇ ಶುರು ಮಾಡಿ. ಡಿಸ್‌ಪ್ಲೇಯಲ್ಲಿ ತಾರೀಕು, ಗಂಟೆ, ವೋಲ್ಟ್ ಎಲ್ಲ ಒಂದೊಂದಾಗಿ ಬಂದು ಹೋಗುತ್ತದೆ, ಕೆಡಬ್ಲ್ಯುಎಚ್ (kWh, ಅಂದರೆ ಯೂನಿಟ್) ಅಂತ ಬರುವ ಅಂಕೆ ಮಾತ್ರ ನಿಮಗೆ ಬೇಕಾದ್ದು. ವಾರಕ್ಕೊಮ್ಮೆ ಅದನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. 60 ದಿನಕ್ಕೆ 500 ಅಂದರೆ ದಿನಕ್ಕೆ ಎಂಟು ಚಿಲ್ಲರೆ, ವಾರಕ್ಕೆ ಸುಮಾರು 58. ಮೂರನೇ ವಾರದಲ್ಲೇ 200 ಆಗಿದ್ದರೆ ಕೈ ಹಿಡಿಯಲು ಇನ್ನೂ ಸಮಯ ಇದೆ. ಬಿಲ್ಲು ಕೈಗೆ ಬಂದ ಮೇಲೆ ಮಾಡಲು ಏನೂ ಉಳಿದಿರುವುದಿಲ್ಲ, ಅಲ್ವಾ?

ಅದೇ ದಿನ ಇನ್ನೊಂದು ಪರೀಕ್ಷೆ ಮಾಡಿ. ಮನೆಯ ಎಲ್ಲ ಸ್ವಿಚ್ ಆಫ್ ಮಾಡಿ, ಫ್ರಿಜ್, ಟಿವಿ ಬಾಕ್ಸ್, ಇನ್ವರ್ಟರ್ ಎಲ್ಲದರ ಪ್ಲಗ್ ತೆಗೆಯಿರಿ. ಮೇನ್ ಸ್ವಿಚ್ ಮಾತ್ರ ಆನ್ ಇರಲಿ. ಈಗ ಮೀಟರಿನ ಕೆಂಪು ಲೈಟು ಮಿನುಗಬಾರದು. ಮಿನುಗಿದರೆ ಎಲ್ಲೋ ಕರೆಂಟು ಸೋರುತ್ತಿದೆ. ಮಳೆಗಾಲದಲ್ಲಿ ಗೋಡೆ ಒದ್ದೆಯಾಗುವ ಹಳೆ ಮನೆಗಳಲ್ಲಿ ಈ ತೊಂದರೆ ಇರುತ್ತದೆ. ದುಡ್ಡಿಗಿಂತ ಜೀವದ ಪ್ರಶ್ನೆ ಇದು. ಕೂಡಲೇ ವೈರಿಂಗ್ ಗೊತ್ತಿರುವವರನ್ನು ಕರೆಯಿರಿ, ಕರೆಂಟು ಸೋರಿದರೆ ಲೈನ್ ಕಡಿಯುವ ಇಎಲ್‌ಸಿಬಿ ಸ್ವಿಚ್ ಪದೇ ಪದೇ ಬೀಳುತ್ತದೆ ಅಂತ ಅದನ್ನು ತಪ್ಪಿಸಿ ಲೈನ್ ಕೊಡಲು ಯಾವತ್ತೂ ಬಿಡಬೇಡಿ. ಮೇನ್ ಸ್ವಿಚ್ ಕೂಡ ಆಫ್ ಮಾಡಿದ ಮೇಲೂ ಮಿನುಗುತ್ತಿದ್ದರೆ ಕೆಎಸ್‌ಇಬಿಯ ಸೆಕ್ಷನ್ ಆಫೀಸಿಗೆ ಹೋಗಿ ಮೀಟರ್ ಪರೀಕ್ಷೆ ಕೇಳಿ. ಫೋನಿನಲ್ಲಿ ದೂರು ಕೊಡಲು 1912.

ಪಂಪು

ನಮ್ಮ ಕಡೆ ಬೇಸಿಗೆಯ ಬಿಲ್ಲನ್ನು ಏರಿಸುವುದರಲ್ಲಿ ಪಂಪಿನ ಪಾಲು ದೊಡ್ಡದು. ಒಂದು ಎಚ್‌ಪಿ ಪಂಪು ಗಂಟೆಗೆ ಸುಮಾರು ಒಂದು ಯೂನಿಟ್ ತೆಗೆದುಕೊಳ್ಳುತ್ತದೆ. ಬಾವಿಯ ನೀರು ಕೆಳಗಿಳಿದಂತೆ ಟ್ಯಾಂಕ್ ತುಂಬಲು ಹೆಚ್ಚು ಹೊತ್ತು ಬೇಕು. ಜನವರಿಯಲ್ಲಿ ಎಷ್ಟು ನಿಮಿಷ, ಈಗ ಎಷ್ಟು ನಿಮಿಷ ಅಂತ ಗಡಿಯಾರ ನೋಡಿ. ನೀರಿನ ಮಟ್ಟ ಹೆಚ್ಚು ಇಳಿಯದಿದ್ದರೂ ಹೊತ್ತು ದುಪ್ಪಟ್ಟಾಗಿದ್ದರೆ ಬಾವಿಯೊಳಗೆ ಪೈಪಿನ ತುದಿಯಲ್ಲಿರುವ ಫುಟ್‌ವಾಲ್ವ್ ಸೋರುತ್ತಿರಬಹುದು, ಪೈಪಿನ ಜಾಯಿಂಟಿನಲ್ಲಿ ಗಾಳಿ ಎಳೆಯುತ್ತಿರಬಹುದು. ಇವೆರಡೂ ಕಡಿಮೆ ಖರ್ಚಿನ ರಿಪೇರಿ. ಟ್ಯಾಂಕ್ ತುಂಬಿ ಹರಿಯುವ ಮನೆಯವರು ಒಂದು ಫ್ಲೋಟ್ ಸ್ವಿಚ್ ಹಾಕಿಸಲೇಬೇಕು.

ಮನೆಯ ಕನೆಕ್ಷನಿನಿಂದಲೇ ಅಡಿಕೆ ತೋಟಕ್ಕೂ ನೀರು ಬಿಡುತ್ತಿದ್ದರೆ ಅದನ್ನು ಇವತ್ತೇ ಯೋಚಿಸಿ. ಕೃಷಿ ಕನೆಕ್ಷನಿಗೆ ಬೇರೆ ಮೀಟರ್, ಬೇರೆ ದರ, ಅದು ಮನೆಯ ದರಕ್ಕಿಂತ ತುಂಬಾ ಕಡಿಮೆ. ಕೃಷಿ ಭವನದಲ್ಲಿ ವಿಚಾರಿಸಿದರೆ ಸಣ್ಣ ರೈತರಿಗೆ ಇರುವ ಉಚಿತ ವಿದ್ಯುತ್ತಿನ ಬಗ್ಗೆಯೂ ಹೇಳುತ್ತಾರೆ. ಬಾಯಾರು, ಎಣ್ಮಕಜೆ ಕಡೆ ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದಿಂದ ನೀರು ತಾನಾಗಿ ಇಳಿದು ಬರುವ ಮನೆಗಳು ಈಗಲೂ ಇವೆ. ಬೋರ್‌ವೆಲ್ ತೆಗೆಸಿದ ಮೇಲೆ ಸುರಂಗವನ್ನು ಸುಮ್ನೆ ಬಿಟ್ಟಿದ್ದರೆ ಅದನ್ನು ಕೆಸರು ತೆಗೆಸಿ ಮತ್ತೆ ಬಳಕೆಗೆ ತನ್ನಿ. ಆ ನೀರಿಗೆ ಒಂದು ಪೈಸೆಯ ಕರೆಂಟೂ ಬೇಡ.

ಮನೆಯೊಳಗೆ

ಹಳೆ ಸೀಲಿಂಗ್ ಫ್ಯಾನು 75 ವ್ಯಾಟ್, ಕಡಿಮೆ ಕರೆಂಟಿನಲ್ಲಿ ತಿರುಗುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ದಿನಕ್ಕೆ 12 ಗಂಟೆ ತಿರುಗುವ ಒಂದು ಫ್ಯಾನು ಬದಲಾಯಿಸಿದರೆ ಎರಡು ತಿಂಗಳಿಗೆ 32 ಯೂನಿಟಿನಷ್ಟು ಉಳಿಯುತ್ತದೆ. ಎಲ್ಲವನ್ನೂ ಒಟ್ಟಿಗೆ ತರಬೇಕಾಗಿಲ್ಲ, ಅಪ್ಪ ಅಮ್ಮ ಮಲಗುವ ಕೋಣೆಯದ್ದನ್ನು ಮೊದಲು ಬದಲಾಯಿಸಿ, ಹಗಲೂ ರಾತ್ರಿ ತಿರುಗುವುದು ಅದೇ. ಎಸಿ ಇದ್ದರೆ 25, 26ಕ್ಕೆ ಇಟ್ಟು ಫ್ಯಾನು ನಿಧಾನಕ್ಕೆ ಬಿಡಿ. ಫ್ರಿಜ್ ಬಾಗಿಲಿಗೆ ಒಂದು ನೋಟು ಸಿಕ್ಕಿಸಿ ಎಳೆಯಿರಿ, ಸಲೀಸಾಗಿ ಬಂದರೆ ರಬ್ಬರ್ ಹೋಗಿದೆ.

ಸ್ನಾನದ ನೀರಿಗೆ ಗೀಸರ್ ಬೇಕೇ ಬೇಕಾ? ಮಡಲು, ಗೆರಟೆ, ಅಡಿಕೆ ಸಿಪ್ಪೆ ಅಂಗಳದಲ್ಲಿ ರಾಶಿ ಬಿದ್ದಿರುವ ಮನೆಯಲ್ಲಿ ಬಚ್ಚಲಿನ ಹಂಡೆಗೆ ಬೆಂಕಿ ಹಾಕುವುದೇ ಸರಿ ಅಂತ ನನ್ನ ಅಭಿಪ್ರಾಯ. ಗ್ಯಾಸ್ ದುಬಾರಿ ಅಂತ ಇಂಡಕ್ಷನ್ ಒಲೆ ತಂದವರು ಕ್ಯಾಲೆಂಡರಿನ ಅಂಕೆ ನೋಡಿಕೊಂಡೇ ಉರಿಸಬೇಕು. 450ರಲ್ಲಿ ನಿಂತಿದ್ದ ಮನೆ ಅದರಿಂದ 500 ದಾಟಿತು ಅಂದರೆ ಗ್ಯಾಸಿನಲ್ಲಿ ಉಳಿಸಿದ್ದು ಇಲ್ಲಿ ಹೋಯಿತು. ಹಟ್ಟಿಯಲ್ಲಿ ದನ ಇರುವವರಿಗೆ ಗೋಬರ್ ಗ್ಯಾಸ್ ಇದ್ದೇ ಇದೆ.

ಏನು ಮಾಡಿದರೂ 500ರ ಒಳಗೆ ನಿಲ್ಲದ ದೊಡ್ಡ ಮನೆಗಳಿಗೆ ಈಗ ಹೊತ್ತಿಗೊಂದು ದರ ಇದೆ. ಸಂಜೆ 6ರಿಂದ ರಾತ್ರಿ 10ರ ತನಕ ದುಬಾರಿ, ಹಗಲು ಅಗ್ಗ. ಪಂಪು, ವಾಷಿಂಗ್ ಮೆಷಿನ್, ಗ್ರೈಂಡರ್, ಇಸ್ತ್ರಿ ಎಲ್ಲ ಹಗಲಿಗೆ ಹಾಕಿಕೊಳ್ಳಿ.

ಸೋಲಾರ್ ಬಗ್ಗೆ ಯೋಚಿಸಬೇಕಾದವರೂ ಇವರೇ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟಿಗೆ 60,000, 3 ಕಿಲೋವ್ಯಾಟ್ ಮತ್ತು ಮೇಲಿನದಕ್ಕೆ 78,000 ರೂಪಾಯಿ ಸಬ್ಸಿಡಿ ಸಿಗುತ್ತದೆ. ಎರಡು ತಿಂಗಳಿಗೆ 200, 250 ಯೂನಿಟ್ ಉರಿಸುವವರು ಸಾಲ ಮಾಡಿ ಹಾಕಿಸುವ ಅವಸರ ಬೇಡ. ಹಾಕಿಸುವವರು ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಒಂದು ದಿನ ಬೆಳಗ್ಗೆ 9ಕ್ಕೆ, ಮಧ್ಯಾಹ್ನ 12ಕ್ಕೆ, 3ಕ್ಕೆ ಮಾಡಿನ ಫೋಟೋ ತೆಗೆಯಿರಿ. ತೆಂಗಿನ ನೆರಳು ಎಲ್ಲೆಲ್ಲಿ ಬೀಳುತ್ತದೆ ಅಂತ ಕಂಪನಿಯವರಿಗೆ ತೋರಿಸಿ, ಪ್ಯಾನೆಲ್ ಎಲ್ಲಿ ಕೂರಿಸುತ್ತಾರೆ ಅನ್ನುವುದನ್ನು ಅವರಿಂದ ಬರೆಸಿಕೊಳ್ಳಿ.