ಹಂಪ್ ಹಾಕದೆ ನಮ್ಮ ಕ್ರಾಸಿನಲ್ಲಿ ಕಾರುಗಳ ಓಟ ತಗ್ಗಿಸಿದ ಬಗೆ

ಬನ್ನೇರುಘಟ್ಟ ರಸ್ತೆಯಲ್ಲಿ ಮೆಟ್ರೋ ಕೆಲಸ ಶುರುವಾದ ಮೇಲೆ ನಮ್ಮ ಲೇಔಟಿನ ಕ್ರಾಸುಗಳೆಲ್ಲ ಶಾರ್ಟ್‌ಕಟ್ ಆದವು. ಮ್ಯಾಪ್ ತೋರಿಸಿದ ಕಡೆ ಕಾರು ನುಗ್ಗುತ್ತವೆ, ನಿಮ್ಮಲ್ಲೂ ಇದೇ ಕತೆ ಅಲ್ವಾ? ಅದೂ ಸ್ಕೂಲ್ ವ್ಯಾನ್ ಬರುವ ಹೊತ್ತಿಗೇ ಜಾಸ್ತಿ. "ಹಂಪ್ ಇಲ್ಲದೆ ಯಾರೂ ಸ್ಲೋ ಮಾಡಲ್ಲ ಸಾರ್" ಎಂದು ಸಂಘದಲ್ಲಿ ಎಲ್ಲರೂ ಒಂದೇ ಹಟ. ಈಗ ಅದೇ ಜನ ಪಕ್ಕದ ಕ್ರಾಸಿನವರನ್ನು ಕರೆತಂದು ನಮ್ಮ ಮೂಲೆ ತೋರಿಸುತ್ತಿದ್ದಾರೆ.

ಹಂಪ್‌ಗೆ ನಾವು ಸುರಿದ ದುಡ್ಡು ಕಮ್ಮಿಯಲ್ಲ. ನಮ್ಮ ದೇಶದ ರಸ್ತೆಗಳಿಗೆ ಮಾನದಂಡ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹಂಪ್‌ಗೆ ಹೇಳುವ ಅಳತೆ: 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಮೇಸ್ತ್ರಿ ಹಾಕಿಕೊಟ್ಟಿದ್ದು ಎರಡಡಿ ಅಗಲದ ಡಾಂಬರು ದಿಣ್ಣೆ. ಬೆನ್ನುನೋವಿನವರು, ಕಾರಿನ ತಳ ಕೆರೆಸಿಕೊಂಡವರು ಜಗಳಕ್ಕೆ ಬಂದರು. ರಾತ್ರಿ ಖಾಲಿ ಲಾರಿ ದಢಾರ್ ಎಂದು ಹಾರಿದರೆ ಪಕ್ಕದ ಮನೆಯವರಿಗೆ ನಿದ್ದೆಯಿಲ್ಲ. ಕೀಳಿಸುವುದಕ್ಕೂ ದುಡ್ಡು ಕೊಟ್ಟೆವು. ಆಮೇಲೆ ಹಳದಿ-ಕಪ್ಪು ರಬ್ಬರ್ ಪಟ್ಟಿ, ಒಂದು ಸಾಲಿಗೆ ಹತ್ತು ಸಾವಿರದ ಹತ್ತಿರ. ಒಂದೇ ಮಳೆಗಾಲಕ್ಕೆ ಬೋಲ್ಟ್ ಎದ್ದು ಟೈರಿಗೆ ಚುಚ್ಚಿದವು. ಅದಕ್ಕಿಂತ ದೊಡ್ಡ ತೊಂದರೆ, ಹಂಪ್ ದಾಟಿದವನು ಮುಂದೆ ಇನ್ನೂ ಜೋರಾಗಿ ಒತ್ತುತ್ತಾನೆ.

ನಾನು ನೋಡಿದ ಹಾಗೆ ಓಟ ಶುರುವಾಗುವುದೇ ತಿರುವಿನಲ್ಲಿ. ನಮ್ಮ ಮೂಲೆಗಳು ತೀರಾ ಅಗಲ, ಬ್ರೇಕ್ ಮುಟ್ಟದೆ ಸುಯ್ ಅಂತ ತಿರುಗಬಹುದು. ರಸ್ತೆ ಎತ್ತರಿಸುವುದು ಬಿಡೋಣ, ಮೂಲೆ ಕಿರಿದು ಮಾಡೋಣ ಎಂದೆ. ಟ್ಯಾಂಕರ್ ಹೇಗೆ ತಿರುಗುತ್ತೆ, ಆಂಬುಲೆನ್ಸ್ ಬಂದರೆ ಏನು ಗತಿ ಎಂದು ಮುಗಿಬಿದ್ದರು.

ಹಿಮ ಬೀಳುವ ದೇಶಗಳಲ್ಲಿ ಚಕ್ರ ತಾಗದೆ ಉಳಿದ ಹಿಮ ನೋಡಿ ರಸ್ತೆಗೆ ಬೇಡದ ಜಾಗ ಗುರುತಿಸುತ್ತಾರೆ. ನಾನು ಸುಣ್ಣದ ಪುಡಿ ಹಿಡಿದೆ. ರಾತ್ರಿ ಗಾಡಿ ನಿಂತ ಮೇಲೆ ಮೂಲೆಗೆಲ್ಲ ತೆಳ್ಳಗೆ ಉದುರಿಸಿದೆ. ತೆಳ್ಳಗೇ ಇರಬೇಕು, ದಪ್ಪವಾದರೆ ಬೈಕ್ ಜಾರುತ್ತದೆ. ಬೆಳಗ್ಗೆ ಹಾಲಿನ ವ್ಯಾನು, ಕಸದ ಆಟೋ, ಕೊನೆಗೆ ನೀರಿನ ಟ್ಯಾಂಕರ್ ಹೋದವು. ಟ್ಯಾಂಕರಿನ ಹಿಂದಿನ ಚಕ್ರದ ಗೆರೆಯೇ ನಮ್ಮ ಗಡಿ. ಅದರಾಚೆ ಆರೇಳು ಅಡಿ ಸುಣ್ಣ ಬೆಳ್ಳಗೆ ಹಾಗೇ ಇತ್ತು. ಸಂಘದವರನ್ನೆಲ್ಲ ಕರೆದು ಅದನ್ನೇ ತೋರಿಸಿದೆ. ವಾದ ಅಲ್ಲಿಗೇ ನಿಂತಿತು.

ಆ ಜಾಗಕ್ಕೆ ಮೊದಲು ಪ್ಲಾಸ್ಟಿಕ್ ಕೋನ್ ಇಟ್ಟೆವು, ವಾರದೊಳಗೆ ಕಳುವಾದವು. ಆಮೇಲೆ ಮೂರಡಿಯ ಸಿಮೆಂಟ್ ಬಾವಿ ರಿಂಗ್ ತಂದೆವು, ಒಂದಕ್ಕೆ ಏಳೆಂಟು ನೂರು. ಒಳಗೆ ಮಣ್ಣು ತುಂಬಿ ನಿತ್ಯಪುಷ್ಪ, ದೊಡ್ಡಪತ್ರೆ ನೆಟ್ಟೆವು. ಎತ್ತರದ ಗಿಡ ಬೇಡವೇ ಬೇಡ, ಹಿಂದೆ ನಿಂತ ಮಗು ಕಾಣುವುದಿಲ್ಲ. ಸುತ್ತ ರಿಫ್ಲೆಕ್ಟರ್ ಟೇಪ್. ಲಾರಿ ತಾಗಿದರೂ ರಿಂಗ್ ಕದಲದಂತೆ ಒಂದು ಉಪಾಯ ಮಾಡಿದ್ದೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಲೇಔಟಿಗೆ ಬನ್ನಿ, ತೋರಿಸುತ್ತೇನೆ. ನಾಲ್ಕು ಮೂಲೆಗೂ ಸೇರಿ ನಲವತ್ತು ಸಾವಿರದೊಳಗೆ ಮುಗಿಯಿತು, ಮನೆಗೆ ಐನೂರರಂತೆ ಎತ್ತಿದೆವು. ಟ್ರಾಫಿಕ್ ಪೊಲೀಸರ ಮತ್ತು ವಾರ್ಡ್ ಎಂಜಿನಿಯರ್ ಒಪ್ಪಿಗೆಗೆ ಮಾತ್ರ ಚಪ್ಪಲಿ ಸವೆಯಿತು. ಅದಿಲ್ಲದೆ ಕೈ ಹಾಕಬೇಡಿ.

ನಡುವೆ ಹಂಪಿನಂತೆ ಕಾಣುವ ಬಣ್ಣದ ಚಿತ್ರವನ್ನೂ ಬರೆಸಿ ನೋಡಿದೆ. ಹೊಸಬರು ಬ್ರೇಕ್ ಹಾಕಿದರು, ದಿನಾ ಬರುವವರು ಸುಮ್ನೆ ಹತ್ತಿಸಿಕೊಂಡು ಹೋದರು. ಒಂದು ತಿಂಗಳು ಅರ್ಧ ರಸ್ತೆಯವರೆಗೆ ಎಡಕ್ಕೆ, ಅಲ್ಲಿಂದ ಮುಂದೆ ಬಲಕ್ಕೆ ಪಾರ್ಕಿಂಗ್ ಮಾಡಿಸಿದ್ದು ಚೆನ್ನಾಗಿ ಕೆಲಸ ಮಾಡಿತು. ರಸ್ತೆ ಅಂಕುಡೊಂಕಾದರೆ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ.

ಅಳೆಯಲು ರಾಡಾರ್ ಗನ್ ಬೇಡ. 25 ಮೀಟರ್ ಅಂತರದ ಎರಡು ಲೈಟ್ ಕಂಬ ಮತ್ತು ಮೊಬೈಲಿನ ಸ್ಟಾಪ್‌ವಾಚ್ ಸಾಕು. 3 ಸೆಕೆಂಡಿಗೆ ದಾಟಿದರೆ ಗಂಟೆಗೆ 30 ಕಿಲೋಮೀಟರ್, 2 ಸೆಕೆಂಡಿಗೆ ದಾಟಿದರೆ 45. ಮೊದಲು ಎರಡು ಸೆಕೆಂಡಿನವರೇ ಹೆಚ್ಚು. ಈಗ ಬಹುಪಾಲು ನಾಲ್ಕರ ಆಸುಪಾಸು. ಮುಂದಿನ ಕ್ರಾಸಿನವರೂ ಕೇಳಿದ್ದಾರೆ. ಅಲ್ಲಿ ಮೂರು ರಸ್ತೆ ಓರೆಯಾಗಿ ಸೇರುತ್ತವೆ, ಬರೀ ಮೂಲೆ ಮುಚ್ಚಿದರೆ ಸಾಲದು, ನಡುವೆಯೂ ಒಂದು ರಿಂಗ್ ಇಡಬೇಕಾದೀತು. ಮಳೆಯಲ್ಲಿ ಸುಣ್ಣ ನಿಲ್ಲುವುದಿಲ್ಲ, ದೀಪಾವಳಿ ಕಳೆದ ಮೇಲೆ ಉದುರಿಸಿ ನೋಡುತ್ತೇವೆ.