ಮಾತು ಬಾರದ ಮಗುವಿಗೆ ಅಕ್ಷರದ ಹಲಗೆ ಮಾಡುವುದು ಹೇಗೆ

ಮಾತು ಬಂದಮೇಲೆ ಅಕ್ಷರ ಕಲಿಸೋಣ ಅಂತ ಕಾಯಬೇಡಿ. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಮೈಕೈಯ ಚಲನೆ ಹಿಡಿತಕ್ಕೆ ಬಾರದ ಸ್ಥಿತಿ) ಇರುವ ಮಕ್ಕಳಿಗೆ ಪಾಠ ಮಾಡುವ ನಾನು ಅವರ ಅಪ್ಪ-ಅಮ್ಮಂದಿರಿಗೆ ಮೊದಲು ಹೇಳುವುದು ಇದನ್ನೇ. ಚಿತ್ರಗಳ ಹಲಗೆ, ಚಿತ್ರ ಒತ್ತಿದರೆ ಪದವನ್ನು ದನಿಯಲ್ಲಿ ಹೇಳುವ ಆವಾಜ್‌ನಂಥ ಆ್ಯಪ್ ಎಲ್ಲವೂ ಬೇಕು. ನೀರು, ಬೇಡ, ಸಾಕು ಎನ್ನಲು ಅವಿಲ್ಲದೆ ಆಗದು. ಆದರೆ ಚಿತ್ರಗಳಿಂದ ಮಗು ಹೇಳಬಲ್ಲದ್ದು ನಾವು ಹಾಕಿಟ್ಟ ಪದಗಳನ್ನಷ್ಟೇ. ಅಜ್ಜಿಮನೆಯ ಕರುವಿನ ಹೆಸರು ಹೇಳಬೇಕೆಂದರೆ ಅಕ್ಷರವೇ ಬೇಕು.

ಪೆನ್ಸಿಲ್ ಹಿಡಿಯಲಾಗದ, ಬೆರಳಿಟ್ಟು ತೋರಿಸಲೂ ಆಗದ ಮಗುವಿಗೆ ನಮ್ಮ ವರ್ಣಮಾಲೆಯ ಜೋಡಣೆ ದೊಡ್ಡ ಅನುಕೂಲ. 25 ವರ್ಗೀಯ ವ್ಯಂಜನಗಳು ಐದೈದರಂತೆ ಆಗಲೇ ಸಾಲಾಗಿ ನಿಂತಿವೆ. ದಪ್ಪ ಹಾಳೆಯಲ್ಲಿ ಮೇಲೆ ಸ್ವರಗಳು, ಕೆಳಗೆ ಕ, ಚ, ಟ, ತ, ಪ ಸಾಲುಗಳು, ಆಮೇಲೆ ಯ ಸಾಲು, ಶ ಸಾಲು ಬರೆಯಿರಿ. ಕೊನೆಯಲ್ಲಿ ‘ಅಳಿಸು’, ‘ಪದ ಮುಗಿಯಿತು’ ಇರಲಿ. ಹಿಂಬದಿಗೆ ಕಾಗುಣಿತ, ಜೊತೆಗೆ ಒತ್ತಕ್ಷರಕ್ಕೊಂದು ಮನೆ.

ನಾವು ಮೊದಲು ಸಾಲುಗಳನ್ನು, ಆಮೇಲೆ ಆ ಸಾಲಿನ ಅಕ್ಷರಗಳನ್ನು ಒಂದೊಂದಾಗಿ ತೋರಿಸುತ್ತ ಕೇಳುತ್ತೇವೆ, ಬೇಕಾದದ್ದು ಬಂದಾಗ ಮಗು ‘ಹೌದು’ ಎಂದರೆ ಸಾಕು. ‘ಹೌದು’ ಎನ್ನಲು ಮಗುವಿಗೆ ಸುಲಭವಾದ ಸನ್ನೆ ಯಾವುದೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ನನ್ನ ತರಗತಿಯ ಹುಡುಗಿಯೊಬ್ಬಳು ಕಣ್ಣು ಮೇಲೆತ್ತುತ್ತಾಳೆ. ಅವಳು ‘ಮಳೆ’ ಬರೆದದ್ದು ಹೀಗೆ. ನಾನು ಬೆರಳಿಡುತ್ತ ಕೇಳಿದೆ: ಸ್ವರವಾ? ಕ ಸಾಲಾ? ಚ ಸಾಲಾ? ಪ ಸಾಲಿಗೆ ಕಣ್ಣು ಮೇಲೆ ಹೋಯಿತು. ಪ? ಫ? ಬ? ಭ? ಮ? ಮತ್ತೆ ಕಣ್ಣು ಮೇಲೆ. ಹಾಳೆ ತಿರುಗಿಸಿ, ತಲಕಟ್ಟಾ ಎಂದೆ, ಹೌದು. ಆಮೇಲೆ ಶ ಸಾಲಿನ ಕೊನೆಯ ಳ. ಅದಕ್ಕೆ ತಲಕಟ್ಟು ಬೇಡ, ಇಳಿ ಬೇಡ, ಗುಡಿಸು ಬೇಡ, ಕೊಂಬು ಬೇಡ. ಎತ್ವಕ್ಕೆ ಬಂದಾಗ ಒಪ್ಪಿದಳು. ಒಂದೊಂದು ಅಕ್ಷರ ಸಿಕ್ಕ ಹಾಗೆ ಅವಳ ಕಣ್ಣಿಗೆ ಕಾಣುವಂತೆ ದೊಡ್ಡದಾಗಿ ಬರೆದೆ, ಗಟ್ಟಿಯಾಗಿ ಓದಿದೆ.

ಇಲ್ಲಿ ತುಂಬ ಜಾಗ್ರತೆ ಬೇಕಾದದ್ದು ನಿಮ್ಮ ದನಿಯ ಬಗ್ಗೆ. ‘ಮ’ ಬಂದಾಗ ದನಿ ಏರಿಸಿದರೆ, ಅಲ್ಲೇ ಒಂದು ಕ್ಷಣ ಹೆಚ್ಚು ನಿಂತರೆ, ಬರೆದವರು ನೀವು, ಮಗುವಲ್ಲ. ಎಲ್ಲ ಅಕ್ಷರಕ್ಕೂ ಒಂದೇ ದನಿ, ಒಂದೇ ಹೊತ್ತು. ಆ ಕಣ್ಣು ಮೇಲೇಳಲು ಸಮಯ ಹಿಡಿಯುತ್ತದೆ, ಅವಸರ ಮಾಡಬೇಡಿ.

ಮೊದಮೊದಲು ‘ಟಟಕ’ ಎಂಬಂಥ ಅರ್ಥವಿಲ್ಲದ ಸಾಲುಗಳೇ ಬರುತ್ತವೆ. ಬೇರೆ ಮಕ್ಕಳು ಗೋಡೆ ಮೇಲೆ ಗೀಚುತ್ತಾರಲ್ಲ, ಇದೂ ಅದೇ. ತಿದ್ದಬೇಡಿ. “ಇದರಲ್ಲಿ ಕ ಬಂತು, ಕರುವಿನ ಕ” ಎಂದು ಓದಿ ಹೇಳಿ. ದಯವಿಟ್ಟು ಇದನ್ನು ಪರೀಕ್ಷೆ ಮಾಡಬೇಡಿ.

ಸಾಲುಗಳು ರೂಢಿಯಾದಮೇಲೆ ಟ್ಯಾಬ್‌ಗೆ ಹೋಗಬಹುದು. ಆಂಡ್ರಾಯ್ಡ್‌ನ ಸ್ವಿಚ್ ಆಕ್ಸೆಸ್ ಎಂಬ ಸೌಲಭ್ಯದಲ್ಲಿ ಪರದೆಯ ಕೀಬೋರ್ಡಿನ ಭಾಗಗಳು ಸರದಿಯಾಗಿ ಎದ್ದು ಕಾಣುತ್ತವೆ, ಬೇಕಾದದ್ದು ಬಂದಾಗ ಟ್ಯಾಬ್‌ಗೆ ಜೋಡಿಸಿದ ಒಂದೇ ಗುಂಡಿ ಒತ್ತಿ ಅಕ್ಷರ ಆರಿಸಬಹುದು. ಗೂಗಲ್‌ನ ಕನ್ನಡ ದನಿ ಬರೆದದ್ದನ್ನು ಓದುತ್ತದೆ. ಗುಂಡಿಯನ್ನು ತಲೆಯ ಪಕ್ಕ ಇಡಬೇಕೋ ಮೊಣಕಾಲ ಹತ್ತಿರವೋ ಎಂಬುದನ್ನು ಥೆರಪಿಸ್ಟ್ ನೋಡಿಯೇ ಹೇಳಬೇಕು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಸಂವಹನ ಸಾಧನಗಳ ಬಗ್ಗೆ ಸಲಹೆ ಸಿಗುತ್ತದೆ.

ಟ್ಯಾಬ್ ಬಂತೆಂದು ಹಾಳೆ ಎಸೆಯಬೇಡಿ. ಬಸ್ಸಿನಲ್ಲಿ, ಕರೆಂಟ್ ಹೋದಾಗ ಅದೇ ಗತಿ. ಎರಡು ಪ್ರತಿ ಲ್ಯಾಮಿನೇಟ್ ಮಾಡಿಸಿ, ಒಂದು ಮನೆಗೆ, ಒಂದು ಶಾಲೆಯ ಚೀಲಕ್ಕೆ.